ಲಾರ್ವಾನಾಶಕ ಸುಗಂಧ ತೈಲಗಳು

ಎಲೆ, ಹೂವು, ಬೀಜ, ಗೆಡ್ಡೆಗಳಿಂದ ಭಟ್ಟಿ ಇಳಿಸಿ ತೆಗೆದ, ಬೇಗ ಆವಿಯಾಗುವ ಎಣ್ಣೆಗಳೇ ಸುಗಂಧ ತೈಲಗಳು. ಇವುಗಳಲ್ಲಿ ಹಲವು ಸೊಳ್ಳೆಯ ಮರಿಹುಳುಗಳನ್ನು (ಲಾರ್ವಾಗಳನ್ನು) ನೀರಿನಲ್ಲೇ ಕೊಲ್ಲುತ್ತವೆ. ಬೀಜ ಹಿಂಡಿ ತೆಗೆಯುವ ಬೇವಿನೆಣ್ಣೆ ಲಾರ್ವಾನಾಶಕವಾದರೂ ಈ ಗುಂಪಿಗೆ ಸೇರದು.

ಬೆಳಗಾವಿ ಜಿಲ್ಲೆಯ ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ತಾಲ್ಲೂಕುಗಳು ಕೃಷ್ಣೆ ಮತ್ತು ಅದರ ಉಪನದಿಗಳ ಸೀಮೆ, ಕಬ್ಬಿನ ನಾಡು. ಇಲ್ಲಿ ಸೊಳ್ಳೆಗೆ ನೆಲೆ ಬಗೆಬಗೆಯದು. ಮನೆಯ ಟಾಕಿ, ಬ್ಯಾರಲ್, ಬಿಸಾಡಿದ ಟೈರುಗಳಲ್ಲಿ ಡೆಂಗಿ, ಚಿಕೂನ್‌ಗುನ್ಯಾ ಹರಡುವ ಈಡಿಸ್ ಈಜಿಪ್ಟೈ; ಗಟಾರದ ಕೊಳಕು ನೀರಿನಲ್ಲಿ ಕ್ಯೂಲೆಕ್ಸ್. 2006ರ ಚಿಕೂನ್‌ಗುನ್ಯಾ ಹಾವಳಿಯಲ್ಲಿ ಕರ್ನಾಟಕವೊಂದರಲ್ಲೇ 7 ಲಕ್ಷಕ್ಕೂ ಹೆಚ್ಚು ಶಂಕಿತ ಪ್ರಕರಣಗಳು ದಾಖಲಾದವು. ಬೇಸಿಗೆಯ ಬಿಸಿಗೆ ಮೊಟ್ಟೆ ಸೊಳ್ಳೆಯಾಗಲು 7ರಿಂದ 10 ದಿನ ಸಾಕು. ರೆಕ್ಕೆ ಬಲಿತ ಮೇಲೆ ಹಿಡಿತಕ್ಕೆ ಸಿಗದ ಕೀಟವನ್ನು ನೀರಿನಲ್ಲಿರುವಾಗಲೇ ತಡೆಯುವುದು ಲಾರ್ವಾನಾಶಕಗಳ ಉದ್ದೇಶ.

ಎಣ್ಣೆಯ ಟರ್ಪೀನ್ ಅಂಶಗಳು ಹುಳುವಿನ ಮೈಪೊರೆ ದಾಟಿ ನರಮಂಡಲಕ್ಕೆ ಏಟು ಕೊಡುತ್ತವೆ. ವಿಶ್ವ ಆರೋಗ್ಯ ಸಂಸ್ಥೆಯ ವಿಧಾನದಲ್ಲಿ ಸಾಮಾನ್ಯವಾಗಿ ಒಂದೊಂದು ಲೋಟಕ್ಕೆ 25 ಹುಳು ಬಿಟ್ಟು, 24 ತಾಸಿನ ನಂತರ ಸತ್ತವನ್ನು ಎಣಿಸುತ್ತಾರೆ. ಅರ್ಧದಷ್ಟು ಹುಳು ಸಾಯುವ ಪ್ರಮಾಣವೇ ಎಣ್ಣೆಯ ಬಲದ ಅಳತೆ. ಒಂದೇ ಎಣ್ಣೆಯಲ್ಲಿ ಹತ್ತಾರು ರಾಸಾಯನಿಕಗಳಿರುವುದರಿಂದ ಸೊಳ್ಳೆ ಅದಕ್ಕೆ ಬೇಗ ಒಗ್ಗಿಕೊಳ್ಳಲಾರದು ಎಂಬುದು ಸಂಶೋಧಕರ ನಿರೀಕ್ಷೆ.

ಓಮದ ಥೈಮಾಲ್, ಲವಂಗದ ಯೂಜಿನಾಲ್, ಮಜ್ಜಿಗೆ ಹುಲ್ಲಿನ ಸಿಟ್ರಾಲ್ ಹೆಸರಾದ ಲಾರ್ವಾನಾಶಕಗಳು. ಈ ಸೀಮೆಗೆ ಹೆಚ್ಚು ಹತ್ತಿರದ್ದು ಅರಿಶಿಣ. ರಾಯಬಾಗ, ಚಿಕ್ಕೋಡಿ ಭಾಗದ ರೈತರು ಬೆಳೆಯುವ ಈ ಗೆಡ್ಡೆಯ ಆರ್-ಟರ್ಮೆರೋನ್ ಕೂಡ ಮರಿಹುಳುಗಳನ್ನು ಕೊಲ್ಲುತ್ತದೆ. ಗೆಡ್ಡೆ ಅಗೆಯುವ ಮುನ್ನ ಕೊಯ್ದುಹಾಕುವ ಎಲೆಯಲ್ಲೂ ಭಟ್ಟಿಗೆ ಒದಗುವ ಎಣ್ಣೆಯಿದೆ. ನಿಪ್ಪಾಣಿಯ ಬೀಡಿ ತಂಬಾಕಿನ ಮಾತು ಬೇರೆ: ಅದರ ನಿಕೋಟಿನ್ ಹಳೆಯ ಕೀಟನಾಶಕವಾದರೂ ಮನುಷ್ಯರಿಗೆ ವಿಷ, ಮನೆಬಳಕೆಯ ನೀರಿಗೆ ಸಲ್ಲದು. ಬೆಳಗಾವಿಯಲ್ಲೇ ಇರುವ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ರಾಷ್ಟ್ರೀಯ ಸಾಂಪ್ರದಾಯಿಕ ವೈದ್ಯಪದ್ಧತಿ ಸಂಸ್ಥೆಯಲ್ಲಿ ಪಶ್ಚಿಮ ಘಟ್ಟದ ಸಸ್ಯಗಳ ಸುಗಂಧ ತೈಲಗಳ ಅಧ್ಯಯನ ನಡೆದಿದೆ.

ಲೋಟದಲ್ಲಿ ಗೆದ್ದ ಎಣ್ಣೆ ಟಾಕಿಯಲ್ಲಿ ಗೆಲ್ಲುವುದು ಸುಲಭವಲ್ಲ. ಲೀಟರಿಗೆ 50 ಮಿಲಿಗ್ರಾಂ ಬೇಕಾಗುವ ಎಣ್ಣೆಯಾದರೆ 1,000 ಲೀಟರಿನ ಟಾಕಿಗೆ 50 ಗ್ರಾಂ ಸುರಿಯಬೇಕು. ಕುಡಿಯುವ ನೀರಿಗೆ ಬಳಸುವ ರಾಸಾಯನಿಕ ಲಾರ್ವಾನಾಶಕ ಟೆಮಿಫಾಸ್‌ನ ಗರಿಷ್ಠ ಮಿತಿ ಅಷ್ಟೇ ನೀರಿಗೆ 1 ಗ್ರಾಂ. ಒಂದು ಕ್ವಿಂಟಲ್ ಮಜ್ಜಿಗೆ ಹುಲ್ಲಿನಿಂದ ಸಿಗುವುದು ಹೆಚ್ಚುಕಡಿಮೆ ಅರ್ಧ ಕಿಲೊ ಎಣ್ಣೆ. ಅದೂ ನೀರಿನೊಡನೆ ಬೆರೆಯದೆ ತೇಲುತ್ತದೆ, ಬೇಗ ಹಾರಿಹೋಗುತ್ತದೆ, ನೀರಿಗೆ ವಾಸನೆ ಹಿಡಿಸುತ್ತದೆ. ಇದಕ್ಕಾಗಿಯೇ ಎಣ್ಣೆಯನ್ನು ಅತಿಸೂಕ್ಷ್ಮ ಹನಿಗಳಾಗಿ ಒಡೆದು ನೀರಿನಲ್ಲಿ ಹರಡಿ ನಿಲ್ಲಿಸುವ ನ್ಯಾನೊ ಎಮಲ್ಷನ್‌ಗಳ ಪ್ರಯೋಗ ನಡೆದಿದೆ. ಪ್ರಮಾಣ ಮೀರಿದರೆ ಲಾರ್ವಾ ತಿನ್ನಲೆಂದು ಬಿಟ್ಟ ಗಪ್ಪಿ, ಗಂಬೂಸಿಯಾ ಮೀನುಗಳಿಗೂ ಕುತ್ತು. ಸದ್ಯ ಸರಕಾರದ ರೋಗವಾಹಕ ನಿಯಂತ್ರಣ ಕಾರ್ಯಕ್ರಮ ನೆಚ್ಚಿಕೊಂಡಿರುವುದು ಟೆಮಿಫಾಸ್, ಲಾರ್ವಾ ಕೊಲ್ಲುವ ಬಿಟಿಐ ಬ್ಯಾಕ್ಟೀರಿಯಾ, ಈ ಮೀನುಗಳು ಮತ್ತು ವಾರಕ್ಕೊಮ್ಮೆ ಟಾಕಿ ಬರಿದು ಮಾಡಿ ತಿಕ್ಕಿ ಒಣಗಿಸುವ ಪದ್ಧತಿಯನ್ನು.