ನಿರೀಕ್ಷೆಯ ದೈವಶಾಸ್ತ್ರ

ನಿರೀಕ್ಷೆಯ ದೈವಶಾಸ್ತ್ರ ಎಂಬುದು ಇಪ್ಪತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಜರ್ಮನಿಯಲ್ಲಿ ರೂಪುಗೊಂಡ ಒಂದು ಕ್ರೈಸ್ತ ಚಿಂತನಾಧಾರೆ. ಪ್ರಾಟೆಸ್ಟೆಂಟ್ ದೈವಶಾಸ್ತ್ರಜ್ಞ ಯುರ್ಗೆನ್ ಮೋಲ್ಟ್‌ಮನ್ (1926–2024) ಅವರು 1964ರಲ್ಲಿ ಪ್ರಕಟಿಸಿದ ಇದೇ ಹೆಸರಿನ ಗ್ರಂಥದಿಂದ ಈ ಧಾರೆಗೆ ಹೆಸರು ಬಂದಿತು. ಯುದ್ಧ, ಯಾತನೆ, ಅನಿಶ್ಚಿತತೆಗಳ ನಡುವೆ ಕ್ರೈಸ್ತ ವಿಶ್ವಾಸಿಯು ಏನನ್ನು ಎದುರುನೋಡಬಹುದು ಎಂಬ ಪ್ರಶ್ನೆ ಇದರ ಕೇಂದ್ರದಲ್ಲಿದೆ. ಯಾತನೆ ಏಕೆ ಬರುತ್ತದೆ ಎಂಬುದಕ್ಕೆ ಈ ಚಿಂತನೆ ಕಾರಣ ಹೇಳುವುದಿಲ್ಲ. ಯಾತನೆಯೊಡನೆ ರಾಜಿಯಾಗಲು ನಿರಾಕರಿಸುವುದೇ ನಿರೀಕ್ಷೆಯ ಲಕ್ಷಣವೆಂದು ವಾದಿಸುತ್ತದೆ.

ಪದದ ಅರ್ಥ

ಹೊಸ ಒಡಂಬಡಿಕೆಯಲ್ಲಿ ಬರುವ ‘ಎಲ್ಪಿಸ್’ ಎಂಬ ಗ್ರೀಕ್ ಪದಕ್ಕೆ ಕನ್ನಡದ ಪ್ರಾಟೆಸ್ಟೆಂಟ್ ಬೈಬಲ್ ‘ನಿರೀಕ್ಷೆ’ ಎಂಬ ಪದವನ್ನು ಬಳಸುತ್ತದೆ. ಕೊರಿಂಥದವರಿಗೆ ಪೌಲನು ಬರೆದ ಮೊದಲನೆಯ ಪತ್ರದ 13ನೆಯ ಅಧ್ಯಾಯದಲ್ಲಿ ನಂಬಿಕೆ ಮತ್ತು ಪ್ರೀತಿಗಳ ಜೊತೆಗೆ ಎಣಿಸಲಾಗಿರುವುದು ಈ ನಿರೀಕ್ಷೆಯನ್ನೇ. ದಿನಬಳಕೆಯ ಕನ್ನಡದಲ್ಲಿ ನಿರೀಕ್ಷೆ ಎಂದರೆ ಬರಲಿರುವವರ ದಾರಿ ಕಾಯುವುದು. ಭರವಸೆ ಎಂದರೆ ಬಹುಮಟ್ಟಿಗೆ ಇನ್ನೊಬ್ಬರು ಕೊಟ್ಟ ಮಾತು. ಮೋಲ್ಟ್‌ಮನ್ ಅವರ ವಾದಕ್ಕೆ ಎರಡೂ ಅರ್ಥಗಳು ಬೇಕಾಗುತ್ತವೆ. ಅವರ ದೃಷ್ಟಿಯಲ್ಲಿ ದೇವರ ವಾಗ್ದಾನ ಮೊದಲು, ಮನುಷ್ಯರ ಕಾಯುವಿಕೆ ಆನಂತರ. ಎಲ್ಲವೂ ಹೇಗೋ ಒಳ್ಳೆಯದಾಗುತ್ತದೆ ಎಂಬ ಆಶಾವಾದದಿಂದ ಕ್ರೈಸ್ತ ನಿರೀಕ್ಷೆಯನ್ನು ಬೇರ್ಪಡಿಸುವ ಗೆರೆಯೂ ಇದೇ ಆಗಿದೆ.

ಹಿನ್ನೆಲೆ

ಮೋಲ್ಟ್‌ಮನ್ ಅವರು 1926ರ ಏಪ್ರಿಲ್ 8ರಂದು ಹ್ಯಾಂಬರ್ಗ್‌ನಲ್ಲಿ ಜನಿಸಿದರು. ಅವರದು ಧಾರ್ಮಿಕ ಆಚರಣೆಗಳಿಂದ ದೂರವಿದ್ದ ಮನೆತನ. ಹುಡುಗನ ಒಲವು ಗಣಿತದ ಕಡೆಗಿತ್ತು, ಐನ್‌ಸ್ಟೈನ್ ಆದರ್ಶವಾಗಿದ್ದರು. 1943ರಲ್ಲಿ ಶಾಲಾ ಸಹಪಾಠಿಗಳೊಂದಿಗೆ ಅವರನ್ನು ವಿಮಾನನಿರೋಧಕ ತುಕಡಿಯ ಸಹಾಯಕ ಕೆಲಸಕ್ಕೆ ಸೇರಿಸಿಕೊಳ್ಳಲಾಯಿತು. ಆ ವರ್ಷ ಜುಲೈ ಕೊನೆಯ ವಾರದಲ್ಲಿ ಮಿತ್ರರಾಷ್ಟ್ರಗಳ ವಾಯುಪಡೆಗಳು ‘ಗೊಮೋರಾ’ ಎಂಬ ಸಂಕೇತನಾಮದ ಕಾರ್ಯಾಚರಣೆಯಲ್ಲಿ ಹ್ಯಾಂಬರ್ಗ್ ನಗರವನ್ನು ಸುಟ್ಟವು. 30,000ಕ್ಕೂ ಹೆಚ್ಚು ಜನ ಸತ್ತರು. ಪಕ್ಕದಲ್ಲಿಯೇ ನಿಂತಿದ್ದ ಗೆಳೆಯ ಬಾಂಬಿಗೆ ಬಲಿಯಾದ, ಮೋಲ್ಟ್‌ಮನ್ ಬದುಕುಳಿದರು. ಅಂದು ರಾತ್ರಿ ತಾವು ಮೊದಲ ಬಾರಿಗೆ ದೇವರನ್ನು ಕೂಗಿದುದಾಗಿ ಅವರು ನಂತರ ಹೇಳಿಕೊಂಡಿದ್ದಾರೆ. ದೇವರು ಇಂಥದ್ದನ್ನು ಹೇಗೆ ಅನುಮತಿಸಿದ ಎಂಬುದು ಅವರ ಪ್ರಶ್ನೆಯಾಗಿರಲಿಲ್ಲ. ದೇವರು ಎಲ್ಲಿದ್ದಾನೆ, ಸತ್ತವರ ಸಾಲಿನಲ್ಲಿ ತಾನೇಕೆ ಇಲ್ಲ ಎಂಬ ಎರಡು ಪ್ರಶ್ನೆಗಳು ಅವರನ್ನು ಜೀವನದುದ್ದಕ್ಕೂ ಕಾಡಿದವು.

1945ರ ಫೆಬ್ರವರಿಯಲ್ಲಿ ಅವರು ಬ್ರಿಟಿಷ್ ಸೇನೆಗೆ ಶರಣಾದರು. ಮೂರು ವರ್ಷಗಳಿಗೂ ಹೆಚ್ಚು ಕಾಲ ಬೆಲ್ಜಿಯಂ, ಸ್ಕಾಟ್ಲೆಂಡ್ ಮತ್ತು ಇಂಗ್ಲೆಂಡಿನ ಯುದ್ಧಕೈದಿಗಳ ಶಿಬಿರಗಳಲ್ಲಿ ಕಳೆದರು. ಸ್ಕಾಟ್ಲೆಂಡಿನ ಕಿಲ್ಮಾರ್ನಾಕ್ ಬಳಿಯ ಶಿಬಿರದಲ್ಲಿ ಬೆಲ್ಸನ್ ಮತ್ತು ಬುಖೆನ್‌ವಾಲ್ಡ್ ಯಾತನಾಶಿಬಿರಗಳ ಛಾಯಾಚಿತ್ರಗಳನ್ನು ಕೈದಿಗಳ ಕಣ್ಣಿಗೆ ಬೀಳುವಂತೆ ಅಂಟಿಸಲಾಗಿತ್ತು. ತಾವು ಯಾರಿಗಾಗಿ ಹೋರಾಡಿದೆವು ಎಂಬುದು ಆ ಚಿತ್ರಗಳಿಂದ ಅವರಿಗೆ ಮನದಟ್ಟಾಯಿತು. ಸೋಲಿನ ದುಃಖಕ್ಕಿಂತ ನಾಚಿಕೆಯ ಭಾರ ಹೆಚ್ಚಾಗಿತ್ತು. ಬದುಕುವ ಇಚ್ಛೆಯನ್ನೇ ಕಳೆದುಕೊಂಡು ಕಣ್ಮುಚ್ಚಿದ ಕೈದಿಗಳನ್ನೂ ಅವರು ಕಂಡರು.

ಈ ಅವಧಿಯಲ್ಲಿ ಸೇನಾ ಪಾದ್ರಿಯೊಬ್ಬರು ಕೊಟ್ಟ ಬೈಬಲ್ ಅವರ ಕೈಸೇರಿತು. ಮೊದಮೊದಲು ಅದರಲ್ಲಿ ಅವರಿಗೆ ವಿಶೇಷ ಆಸಕ್ತಿ ಇರಲಿಲ್ಲ. ಅವರನ್ನು ಹಿಡಿದು ನಿಲ್ಲಿಸಿದ್ದು ಸಾಂತ್ವನದ ಮಾತುಗಳಲ್ಲ, ದೂರಿನ ಮಾತುಗಳು: ದುಃಖವನ್ನು ಒಳಗೊಳಗೇ ನುಂಗಿಕೊಂಡವನು ದೇವರೆದುರು ಬಾಯಿಬಿಡುವ 39ನೆಯ ಕೀರ್ತನೆ, ಬಳಿಕ ಮಾರ್ಕನ ಸುವಾರ್ತೆಯಲ್ಲಿ ಯೇಸು ಶಿಲುಬೆಯ ಮೇಲೆ ದೇವರು ತನ್ನನ್ನು ಕೈಬಿಟ್ಟನೆಂದು ಕೂಗುವ ಸಂದರ್ಭ. ತಮ್ಮ ಸ್ಥಿತಿಯನ್ನು ಬಲ್ಲವನೊಬ್ಬನು ಇದ್ದಾನೆ ಎಂಬ ಅರಿವು ಅಲ್ಲಿಂದ ಮೂಡಿತು. 1947ರಲ್ಲಿ ಇಂಗ್ಲೆಂಡಿನ ಸ್ವಾನ್‌ವಿಕ್‌ನಲ್ಲಿ ನಡೆದ ಅಂತರರಾಷ್ಟ್ರೀಯ ಕ್ರೈಸ್ತ ವಿದ್ಯಾರ್ಥಿ ಸಮ್ಮೇಳನಕ್ಕೆ ಜರ್ಮನ್ ಕೈದಿಗಳಲ್ಲಿ ಕೆಲವರನ್ನು ಕರೆದೊಯ್ಯಲಾಯಿತು. ಜರ್ಮನ್ ಆಕ್ರಮಣದಲ್ಲಿ ಬಂಧುಗಳನ್ನು ಕಳೆದುಕೊಂಡಿದ್ದ ಡಚ್ ವಿದ್ಯಾರ್ಥಿಗಳು ಅಲ್ಲಿ ತಮ್ಮ ನೋವನ್ನು ಮುಚ್ಚಿಡದೆ ಹೇಳಿ, ಬಳಿಕ ಕ್ಷಮೆಯ ಕೈಚಾಚಿದರು. ನಾಟಿಂಗ್‌ಹ್ಯಾಮ್‌ಶೈರ್‌ನ ನಾರ್ಟನ್ ಶಿಬಿರದಲ್ಲಿ ಕೈದಿಗಳಿಗಾಗಿಯೇ ನಡೆಯುತ್ತಿದ್ದ ದೈವಶಾಸ್ತ್ರದ ತರಗತಿಗಳಲ್ಲಿ ಮೋಲ್ಟ್‌ಮನ್ ಅವರ ವ್ಯಾಸಂಗ ಆರಂಭವಾಯಿತು. 1948ರಲ್ಲಿ ಅವರು ಸ್ವದೇಶಕ್ಕೆ ಮರಳಿದರು.

ಮುಂದೆ ಗಟ್ಟಿಂಗೆನ್ ವಿಶ್ವವಿದ್ಯಾಲಯದಲ್ಲಿ ಡಾಕ್ಟರೇಟ್ ಪಡೆದು, ಬ್ರೆಮೆನ್ ಪ್ರದೇಶದ ಗ್ರಾಮೀಣ ಸಭೆಯೊಂದರಲ್ಲಿ ಸಭಾಪಾಲಕರಾಗಿದ್ದು, 1967ರಿಂದ 1994ರವರೆಗೆ ಟ್ಯೂಬಿಂಗೆನ್‌ನಲ್ಲಿ ಪ್ರಾಧ್ಯಾಪಕರಾಗಿದ್ದರು.

ಗ್ರಂಥ ಮತ್ತು ಅದರ ವಾದ

ಮಾರ್ಕ್ಸ್‌ವಾದಿ ತತ್ತ್ವಜ್ಞಾನಿ ಅರ್ನ್ಸ್ಟ್ ಬ್ಲಾಕ್ ಅವರ ಬೃಹದ್‌ಗ್ರಂಥ ‘ನಿರೀಕ್ಷೆಯ ತತ್ತ್ವ’ದ ಓದು ಮೋಲ್ಟ್‌ಮನ್ ಅವರಿಗೆ ದೊಡ್ಡ ಪ್ರೇರಣೆಯಾಯಿತು. ನಾಸ್ತಿಕರಾಗಿದ್ದ ಬ್ಲಾಕ್ ಅವರು ಬೈಬಲಿನಲ್ಲಿ ಕಂಡ ಬಿಡುಗಡೆಯ ಕನಸನ್ನು ಕ್ರೈಸ್ತ ಸಭೆಗಳು ಮರೆತಿದ್ದೇಕೆ ಎಂಬುದು ಅವರ ಪ್ರಶ್ನೆಯಾಗಿತ್ತು. ಸಾಂಪ್ರದಾಯಿಕ ಗ್ರಂಥಗಳಲ್ಲಿ ಅಂತ್ಯಕಾಲದ ಸಂಗತಿಗಳು ಕೊನೆಯ ಅಧ್ಯಾಯದಲ್ಲಿ ಅನುಬಂಧದಂತೆ ಬರುತ್ತಿದ್ದವು. ಮೋಲ್ಟ್‌ಮನ್ ಆ ಕ್ರಮವನ್ನು ತಿರುಗಿಸಿ, ಭವಿಷ್ಯದ ನಿರೀಕ್ಷೆಯೇ ಇಡೀ ಕ್ರೈಸ್ತ ನಂಬಿಕೆಯ ಆರಂಭಬಿಂದು ಎಂದರು.

ಹಳೆಯ ಒಡಂಬಡಿಕೆಯ ದೇವರನ್ನು ಅವರು ವಾಗ್ದಾನದ ದೇವರೆಂದು ಗುರುತಿಸುತ್ತಾರೆ. ಅಬ್ರಹಾಮನು ಊರು ಬಿಟ್ಟು ಹೊರಟದ್ದೂ ಇಸ್ರಾಯೇಲ್ಯರು ಐಗುಪ್ತದಿಂದ ಹೊರಬಂದದ್ದೂ ಇನ್ನೂ ಕಾಣದ ನಾಡನ್ನು ನಂಬಿ. ಈ ದೇವರು ಇರುವ ವ್ಯವಸ್ಥೆಗೆ ಮುದ್ರೆಯೊತ್ತುವವನಲ್ಲ, ಜನರನ್ನು ಅದರಿಂದ ಹೊರಡಿಸುವವನು. ಯೇಸುವಿನ ಪುನರುತ್ಥಾನವೂ ಅವರಿಗೆ ಮುಗಿದುಹೋದ ಅದ್ಭುತವಲ್ಲ. ಸತ್ತವರ ಪರವಾಗಿ ಕೊಟ್ಟ, ಇನ್ನೂ ಪೂರ್ಣವಾಗಿ ಈಡೇರದ ವಾಗ್ದಾನ. ಶಿಲುಬೆಯಲ್ಲಿ ಸತ್ತವನನ್ನೇ ದೇವರು ಎಬ್ಬಿಸಿದನೆಂದ ಮೇಲೆ ಈಗಿನ ಲೋಕದ ಸಾವು ಮತ್ತು ಅನ್ಯಾಯಗಳನ್ನು ಕೊನೆಯ ಮಾತೆಂದು ಒಪ್ಪಲಾಗದು. ಆದ್ದರಿಂದ ನಿರೀಕ್ಷೆಯುಳ್ಳವನಿಗೆ ನೆಮ್ಮದಿಗಿಂತ ಮೊದಲು ತಳಮಳವೇ ಬರುತ್ತದೆ. ಪ್ರಾರ್ಥನೆಯಲ್ಲಿ ಸಮಾಧಾನವನ್ನಷ್ಟೇ ಅರಸುವ ಓದುಗರನ್ನು ಈ ಗ್ರಂಥ ನಿರಾಶೆಗೊಳಿಸುವುದುಂಟು.

ನಿರೀಕ್ಷೆಗೆ ವಿರುದ್ಧವಾದ ಎರಡು ಪಾಪಗಳನ್ನು ಗ್ರಂಥ ಹೆಸರಿಸುತ್ತದೆ. ಈಡೇರಿಕೆಯನ್ನು ಅವಸರದಿಂದ ಕೈಗೆ ತೆಗೆದುಕೊಳ್ಳುವ ಅಹಂಕಾರ ಒಂದು, ಅದು ಎಂದಿಗೂ ಆಗದೆಂದು ಮೊದಲೇ ತೀರ್ಮಾನಿಸುವ ಹತಾಶೆ ಇನ್ನೊಂದು. ಮೋಲ್ಟ್‌ಮನ್ ಹೆಚ್ಚು ಆತಂಕದಿಂದ ನೋಡುವುದು ಎರಡನೆಯದನ್ನು. ಹತಾಶೆ ಯಾವಾಗಲೂ ಕಣ್ಣೀರಿನ ರೂಪದಲ್ಲಿರುವುದಿಲ್ಲ, ಯಾವುದಕ್ಕೂ ಬೆರಗಾಗದ ನಗುಮೊಗದ ನಿರ್ಲಿಪ್ತತೆಯೂ ಅದರ ಇನ್ನೊಂದು ಮುಖವೆಂದು ಅವರು ವಿವರಿಸುತ್ತಾರೆ. ನಂತರದ ಬರಹಗಳಲ್ಲಿ ಅವರು ಭವಿಷ್ಯಕ್ಕೆ ಎರಡು ಅರ್ಥಗಳನ್ನು ಬಿಡಿಸಿ ತೋರಿಸಿದರು: ಈಗಿರುವುದರಿಂದ ಬೆಳೆದು ಆಗುವಂಥದು ಮತ್ತು ಎದುರಿನಿಂದ ನಮ್ಮೆಡೆಗೆ ಬರುವಂಥದು. ಮೊದಲನೆಯದನ್ನು ಲೆಕ್ಕಹಾಕಬಹುದು, ಎರಡನೆಯದನ್ನು ಕಾಯಬೇಕು. ಲೆಕ್ಕಾಚಾರಗಳೆಲ್ಲ ಮುಗಿದ ರೋಗಿಗೂ ಕೈದಿಗೂ ನಿರೀಕ್ಷೆ ಉಳಿಯುವುದು ಈ ಎರಡನೆಯ ಅರ್ಥದಲ್ಲಿಯೇ.

ಶಿಲುಬೆಯ ಕಡೆಗೆ

ಗ್ರಂಥದ ಇಂಗ್ಲಿಷ್ ಅನುವಾದ 1967ರಲ್ಲಿ ಹೊರಬಂದಿತು. ಮರುವರ್ಷದ ಮಾರ್ಚ್‌ನಲ್ಲಿ ‘ನ್ಯೂಯಾರ್ಕ್ ಟೈಮ್ಸ್’ ಪತ್ರಿಕೆ ಈ ಹೊಸ ಚಿಂತನೆಯ ಬಗ್ಗೆ ಮುಖಪುಟದಲ್ಲಿ ವರದಿ ಮಾಡಿತು. 1968ರ ಏಪ್ರಿಲ್ 4ರಂದು ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯದಲ್ಲಿ ಇದರ ಕುರಿತ ವಿಚಾರಸಂಕಿರಣ ನಡೆಯುತ್ತಿದ್ದಾಗ, ಮಾರ್ಟಿನ್ ಲೂಥರ್ ಕಿಂಗ್ ಅವರ ಮೇಲೆ ಗುಂಡು ಹಾರಿಸಲಾಗಿದೆ ಎಂಬ ಸುದ್ದಿ ಸಭಾಂಗಣವನ್ನು ತಲುಪಿತು. ಸಭೆ ಚದುರಿತು. ಅಮೆರಿಕಕ್ಕೆ ಮತ್ತೊಮ್ಮೆ ಬಂದಾಗ ನಿರೀಕ್ಷೆಯ ಬದಲು ಶಿಲುಬೆಯ ಬಗ್ಗೆ ಮಾತನಾಡುವುದಾಗಿ ಮೋಲ್ಟ್‌ಮನ್ ಆಗ ಗೆಳೆಯರಿಗೆ ಹೇಳಿದ್ದರು.

ಆ ಮಾತಿನ ಫಲವೆನ್ನಬಹುದಾದ ‘ಶಿಲುಬೆಗೇರಿದ ದೇವರು’ 1972ರಲ್ಲಿ ಪ್ರಕಟವಾಯಿತು. ದೇವರು ನೋವಿಗೆ ಅತೀತನು ಎಂಬ ಪ್ರಾಚೀನ ಸಿದ್ಧಾಂತವನ್ನು ಅದು ನೇರವಾಗಿ ತಿರಸ್ಕರಿಸುತ್ತದೆ. ಪ್ರೀತಿಸಲು ಬಲ್ಲವನು ನೋಯಲೂ ಬಲ್ಲ. ಶಿಲುಬೆಯಲ್ಲಿ ಮಗನು ಸಾಯುವ ನೋವನ್ನು ಅನುಭವಿಸಿದರೆ ತಂದೆಯು ಮಗನನ್ನು ಕಳೆದುಕೊಳ್ಳುವ ನೋವನ್ನು ಅನುಭವಿಸುತ್ತಾನೆ ಎಂಬುದು ಅದರ ಸಾರ. ನಾಜಿ ಶಿಬಿರದಲ್ಲಿ ಬಾಲಕನೊಬ್ಬನನ್ನು ಗಲ್ಲಿಗೇರಿಸಿದ್ದನ್ನು ಎಲೀ ವೀಸೆಲ್ ಅವರು ‘ರಾತ್ರಿ’ ಕೃತಿಯಲ್ಲಿ ದಾಖಲಿಸಿದ್ದಾರೆ. ಆ ಘಟನೆಯನ್ನು ಮೋಲ್ಟ್‌ಮನ್ ಇಲ್ಲಿ ಚರ್ಚೆಗೆ ಎತ್ತಿಕೊಂಡಿದ್ದಾರೆ.

ಟೀಕೆಗಳು

ಕಾರ್ಲ್ ಬಾರ್ತ್ ಅವರು 1964ರಲ್ಲಿಯೇ ಪತ್ರ ಬರೆದು, ಬ್ಲಾಕ್ ಅವರ ತತ್ತ್ವಕ್ಕೆ ದೀಕ್ಷಾಸ್ನಾನ ಮಾಡಿಸಿದ್ದಕ್ಕಿಂತ ಇದರಲ್ಲಿ ಹೆಚ್ಚೇನಾದರೂ ಇದೆಯೇ ಎಂಬ ಅನುಮಾನ ವ್ಯಕ್ತಪಡಿಸಿದ್ದರು. ಹೆಚ್ಚು ತೀಕ್ಷ್ಣವಾದ ಆಕ್ಷೇಪ ಬಂದದ್ದು ಎರಡನೆಯ ಗ್ರಂಥಕ್ಕೆ. ತಂದೆಯೇ ಮಗನನ್ನು ಸಾವಿಗೆ ಒಪ್ಪಿಸುವ ಚಿತ್ರಣದಲ್ಲಿ ಕ್ರೌರ್ಯವನ್ನು ಪವಿತ್ರಗೊಳಿಸುವ ಅಪಾಯವಿದೆ ಎಂದು ಡೊರೊಥೆ ಸೋಲೆ ಅವರು 1973ರ ತಮ್ಮ ‘ಯಾತನೆ’ ಕೃತಿಯಲ್ಲಿ ಟೀಕಿಸಿದರು. ಕ್ಯಾಥೊಲಿಕ್ ಚಿಂತಕ ಕಾರ್ಲ್ ರಾನರ್ ಅವರ ಪ್ರಶ್ನೆ ಸರಳವಾದದ್ದು: ದೇವರೂ ನನ್ನಂತೆಯೇ ಸಂಕಟದಲ್ಲಿ ಸಿಕ್ಕಿಬಿದ್ದಿದ್ದರೆ ಅದರಿಂದ ನನಗೆ ಬಿಡುಗಡೆ ಹೇಗೆ? ಯೆಹೂದ್ಯರ ಯಾತನೆಗೆ ಕ್ರೈಸ್ತ ಅರ್ಥ ಹಚ್ಚುವುದು ತರವೇ ಎಂಬ ಚರ್ಚೆಯೂ ನಡೆದಿದೆ. ಈ ಕೊನೆಯ ಆಕ್ಷೇಪವನ್ನು ಸುಲಭವಾಗಿ ತಳ್ಳಿಹಾಕುವಂತಿಲ್ಲ. ಕ್ರೈಸ್ತರೆನಿಸಿಕೊಂಡಿದ್ದವರು ನಡೆಸಿದ ಹಿಂಸೆಗೆ ಬಲಿಯಾದವರನ್ನು ಕ್ರೈಸ್ತ ಸಂಕೇತವಾಗಿ ಓದುವುದರಲ್ಲಿ ಒಂದು ಮುಜುಗರ ಉಳಿದೇ ಇದೆ.

ಪ್ರಭಾವ

ಲ್ಯಾಟಿನ್ ಅಮೆರಿಕದ ವಿಮೋಚನಾ ದೈವಶಾಸ್ತ್ರಜ್ಞರು ಮೋಲ್ಟ್‌ಮನ್ ಅವರಿಂದ ಪಡೆದದ್ದೂ ಉಂಟು, ಅವರೊಡನೆ ಜಗಳವಾಡಿದ್ದೂ ಉಂಟು. ನಿರೀಕ್ಷೆ ಬಡವರ ಇಂದಿನ ಹೋರಾಟದಲ್ಲಿ ಬೇರೂರಬೇಕು ಎಂಬುದು ಪೆರುವಿನ ಗುಸ್ತಾವೊ ಗುಟಿಯೆರೆಸ್ ಅವರ ತಕರಾರು. 1989ರ ನವೆಂಬರ್ 16ರಂದು ಎಲ್ ಸಾಲ್ವಡಾರ್‌ನ ರಾಜಧಾನಿಯ ವಿಶ್ವವಿದ್ಯಾಲಯವೊಂದರಲ್ಲಿ ಸೈನಿಕರು ಆರು ಮಂದಿ ಜೆಸ್ಯೂಟ್ ಪಾದ್ರಿಗಳನ್ನು, ಅಡುಗೆಯಾಕೆಯನ್ನು ಮತ್ತು ಆಕೆಯ ಮಗಳನ್ನು ಕೊಂದರು. ಸೈನಿಕರು ಒಂದು ಶವವನ್ನು ದೈವಶಾಸ್ತ್ರಜ್ಞ ಯೋನ್ ಸೊಬ್ರಿನೊ ಅವರ ಕೋಣೆಗೆ ಎಳೆದುತಂದಾಗ ಕಪಾಟಿನಿಂದ ಪುಸ್ತಕವೊಂದು ರಕ್ತದಲ್ಲಿ ಬಿದ್ದಿತ್ತು. ಅದು ‘ಶಿಲುಬೆಗೇರಿದ ದೇವರು’. ವಿದೇಶದಲ್ಲಿದ್ದ ಕಾರಣ ಸೊಬ್ರಿನೊ ಉಳಿದುಕೊಂಡರು. ಮೋಲ್ಟ್‌ಮನ್ ಮುಂದೆ ಅಲ್ಲಿಗೆ ಹೋಗಿ ಆ ಪ್ರತಿಯನ್ನು ಕಂಡರು.

ಭಾರತದಲ್ಲಿ ಇದಕ್ಕೆ ಸಮೀಪದ ಪ್ರಶ್ನೆ ಬೇರೊಂದು ದಾರಿಯಿಂದ ಎದ್ದಿತು. 1981ರಲ್ಲಿ ಬೆಂಗಳೂರಿನ ಯುನೈಟೆಡ್ ಥಿಯಾಲಜಿಕಲ್ ಕಾಲೇಜಿನಲ್ಲಿ ಅರವಿಂದ ನಿರ್ಮಲ್ ಅವರು ನೀಡಿದ ಉಪನ್ಯಾಸವನ್ನು ದಲಿತ ದೈವಶಾಸ್ತ್ರದ ಆರಂಭವೆಂದು ಗುರುತಿಸುವುದು ವಾಡಿಕೆ. ಅವರು ಹೊರಟದ್ದು ಯುರೋಪಿನ ಸಿದ್ಧಾಂತದಿಂದಲ್ಲ, ಅಸ್ಪೃಶ್ಯತೆಯ ನೋವಿನಿಂದ. ನೋವುಂಡವರೇ ದೇವರನ್ನು ಅರಿಯಬಲ್ಲರು, ಆ ದೇವರು ಸೇವಕನಾಗಿ ನೋಯುವವನು ಎಂಬ ಅವರ ನಿಲುವು ಮೋಲ್ಟ್‌ಮನ್ ಅವರ ವಾದದೊಡನೆ ಹೋಲಿಕೆಗೆ ಒದಗುತ್ತದೆ.

ಕೊನೆಯ ವರ್ಷಗಳು

ಅಮೆರಿಕದ ಜಾರ್ಜಿಯಾ ರಾಜ್ಯದಲ್ಲಿ ಮರಣದಂಡನೆಗೆ ಗುರಿಯಾಗಿದ್ದ ಕೆಲ್ಲಿ ಗಿಸೆಂಡೇನರ್ ಎಂಬ ಮಹಿಳೆ ಸೆರೆಮನೆಯಲ್ಲಿ ದೈವಶಾಸ್ತ್ರ ಕಲಿಯುತ್ತ ಮೋಲ್ಟ್‌ಮನ್ ಅವರಿಗೆ ಪತ್ರ ಬರೆದರು. ಒಂದು ಕಾಲದ ಕೈದಿಯಾಗಿದ್ದ ಅವರು ಉತ್ತರಿಸಿದರು, ಪತ್ರವ್ಯವಹಾರ ವರ್ಷಗಳ ಕಾಲ ನಡೆಯಿತು. 2011ರಲ್ಲಿ ಸೆರೆಮನೆಯೊಳಗೆ ನಡೆದ ಆಕೆಯ ತಂಡದ ಪದವಿಪ್ರದಾನದಲ್ಲಿ ಅವರೇ ಭಾಷಣ ಮಾಡಿದರು. ಕ್ಷಮಾದಾನದ ಮನವಿಗಳು ಫಲಿಸಲಿಲ್ಲ. 2015ರ ಸೆಪ್ಟೆಂಬರ್ 30ರಂದು ದಂಡನೆ ಜಾರಿಯಾಯಿತು.

ಮೋಲ್ಟ್‌ಮನ್ ಅವರ ಪತ್ನಿ, ಸ್ತ್ರೀವಾದಿ ದೈವಶಾಸ್ತ್ರಜ್ಞೆ ಎಲಿಸಬೆತ್ ಮೋಲ್ಟ್‌ಮನ್-ವೆಂಡೆಲ್ ಅವರು 2016ರಲ್ಲಿ ನಿಧನರಾದರು. ಆ ಅಗಲಿಕೆಯ ನಂತರ ಸಾವು ಮತ್ತು ನಿತ್ಯಜೀವದ ಕುರಿತು ಅವರು ಬರೆದ ಕಿರುಪುಸ್ತಕ 2020ರಲ್ಲಿ ಪ್ರಕಟವಾಯಿತು. 2024ರ ಜೂನ್ 3ರಂದು, 98ನೆಯ ವಯಸ್ಸಿನಲ್ಲಿ, ಅವರು ಟ್ಯೂಬಿಂಗೆನ್‌ನಲ್ಲಿ ಕೊನೆಯುಸಿರೆಳೆದರು.