ಗೌಜಗದ ಮರಿ: ಹೊಲದ್ದು ಹೊಲದಲ್ಲೇ ಇರಲಿ, ಸಾಕಲು ಜಪಾನಿ ತಳಿ

ಹಿಂದೂಪುರ, ಕಲ್ಯಾಣದುರ್ಗದ ಸುತ್ತಲಿನ ಹಳ್ಳಿಗಳಲ್ಲಿ ಕಡಲೆಕಾಯಿ ಹೊಲದ ಕಳೆ ತೆಗೆಯುವಾಗ, ಬೇಲಿ ಸವರುವಾಗ ಗೌಜಗದ ಮರಿಗಳು ಕಣ್ಣಿಗೆ ಬೀಳುತ್ತವೆ. ಏಪ್ರಿಲ್‌ನಿಂದ ಸೆಪ್ಟೆಂಬರ್‌ವರೆಗೆ ಇವು ಮರಿ ಮಾಡುವ ಮುಖ್ಯ ಕಾಲ. ಮನೆಗೆ ಒಯ್ದು ಸಾಕೋಣ ಎಂಬ ಆಸೆ ಸಹಜ. ಆದರೆ ಅದಕ್ಕೆ ಮೊದಲು ತಿಳಿಯಬೇಕಾದ ಸಂಗತಿಗಳಿವೆ.

ಒಂದು ಹೆಸರು, ಎರಡು ಹಕ್ಕಿ

ಕನ್ನಡದ ಗೌಜಗ, ಗೌಜಲಕ್ಕಿ, ತೆಲುಗಿನ ಕೌಜು ಪಿಟ್ಟ: ಎರಡು ಭಾಷೆಯಲ್ಲೂ ಈ ಹೆಸರು ಎರಡು ಹಕ್ಕಿಗಳಿಗೆ ಬಳಕೆಯಾಗುತ್ತದೆ. ಒಂದು, ಹೊಲದ ಬದುಗಳಲ್ಲಿ ಓಡಾಡುತ್ತ ಬೆಳಗ್ಗೆ ಜೋರಾಗಿ ಕೂಗುವ ಕಾಡು ಹಕ್ಕಿ. ಹಿಂದಿಯಲ್ಲಿ ಇದು ತೀತರ್. ಇನ್ನೊಂದು, ಫಾರಂಗಳಲ್ಲಿ ಸಾಕುವ ಜಪಾನಿ ಕ್ವೈಲ್. ಇದನ್ನು 1974ರಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದಿಂದ ಉತ್ತರ ಪ್ರದೇಶದ ಇಜ್ಜತ್‌ನಗರಕ್ಕೆ ತರಲಾಯಿತು.

ಕಾಡು ಗೌಜಗಕ್ಕೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆಯಿದೆ. ಕಾಯ್ದೆಯ 2022ರ ತಿದ್ದುಪಡಿ 2023ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ. ಹಿಡಿಯುವುದು, ಮಾರುವುದು, ಪಂಜರದಲ್ಲಿ ಇಡುವುದು ಅಪರಾಧ. ಹಿಂದೆ ಕಾಳಗಕ್ಕೂ ಬೇಟೆಯ ದೀಪಕ್ಕಿಗೂ ಇದನ್ನು ಸಾಕುತ್ತಿದ್ದರೆಂಬುದು ಈಗ ಸಬೂಬಾಗದು. 2022ರಲ್ಲಿ ಹಿಂದೂಪುರ ಶ್ರೀ ಸತ್ಯಸಾಯಿ ಜಿಲ್ಲೆಗೆ ಸೇರಿತು, ಕಲ್ಯಾಣದುರ್ಗ ಅನಂತಪುರ ಜಿಲ್ಲೆಯಲ್ಲೇ ಉಳಿಯಿತು. ಕಾನೂನು ಮಾತ್ರ ಎರಡೂ ಕಡೆ, ಗಡಿಯಾಚೆಯ ಪಾವಗಡ, ಗೌರಿಬಿದನೂರಿನಲ್ಲೂ ಒಂದೇ.

ಸುಮ್ಮನಿದ್ದರೆ ಶಾಂತವೆಂದಲ್ಲ

ಹೊಲದಲ್ಲಿ ಸಿಕ್ಕ ಮರಿ ಅಂಗೈಯಲ್ಲಿ ಅಲುಗಾಡದೆ ಕೂತರೆ ಅದು ಪಳಗಿತು ಎಂದು ಭಾವಿಸುವವರಿದ್ದಾರೆ. ನಿಜವಾಗಿ ಅದು ಭಯ. ಅಪಾಯ ಕಂಡು ತಾಯಿ ಕೂಗಿದೊಡನೆ ಮರಿಗಳು ನೆಲಕ್ಕೆ ಅಂಟಿ ಕೂರುತ್ತವೆ. ಆಗ ತಾಯಿ ಹತ್ತಿರದ ಪೊದೆಯಲ್ಲೇ ಇರುವ ಸಾಧ್ಯತೆ ಹೆಚ್ಚು. ಮೊಟ್ಟೆಯೊಡೆದ ಸ್ವಲ್ಪ ಹೊತ್ತಿಗೇ ಓಡಬಲ್ಲ ಈ ಮರಿಗಳಿಗೆ ಗೆದ್ದಲು, ಇರುವೆಯಂಥ ಹುಳುಗಳೂ ತಾಯಿಯ ಕಾವೂ ಬೇಕು. ಬರೀ ರಾಗಿ, ನವಣೆ ಹಾಕಿದರೆ ಬದುಕುವುದು ಕಷ್ಟ. ಆದ್ದರಿಂದ ಮರಿಯನ್ನು ಸಿಕ್ಕಲ್ಲೇ ನೆರಳಿನ ಪೊದೆಯಡಿ ಬಿಟ್ಟು, ಜನರೂ ನಾಯಿಗಳೂ ದೂರ ಸರಿಯಬೇಕು. ಗಾಯವಾಗಿದ್ದರೆ ಗಾಳಿಯಾಡುವ ರಟ್ಟಿನ ಡಬ್ಬದಲ್ಲಿ ಕತ್ತಲಲ್ಲಿಟ್ಟು ಅರಣ್ಯ ಇಲಾಖೆಗೆ ತಿಳಿಸಬೇಕು.

ಸಾಕಲು ಜಪಾನಿ ಮರಿ

ಸಾಕುವ ಆಸೆಯಿದ್ದವರು ಜಪಾನಿ ತಳಿಯ ಮರಿ ತರಬಹುದು. 17-18 ದಿನಕ್ಕೆ ಮೊಟ್ಟೆಯೊಡೆಯುವ ಮರಿಯ ತೂಕ ಕೇವಲ 7-8 ಗ್ರಾಂ. ಈ ತಳಿಯ ಹೆಣ್ಣು ಸಾಮಾನ್ಯವಾಗಿ ಕಾವು ಕೂರುವುದಿಲ್ಲ. ಹಾಗಾಗಿ ಮರಿಗೆ ತಾಯಿಯ ಕಾವನ್ನು ನಾವೇ ಒದಗಿಸಬೇಕು.

ಕಾವು: ಮೊದಲ ವಾರ ಸುಮಾರು 35 ಡಿಗ್ರಿ ಸೆಲ್ಸಿಯಸ್, ನಂತರ ವಾರಕ್ಕೆ 3 ಡಿಗ್ರಿಯಂತೆ ಇಳಿಸಬೇಕು. ಹಳೆಯ ಬಗೆಯ ತಂತಿ ಬಲ್ಬು ಬಳಸಿ. ಎಲ್‌ಇಡಿ ಬಲ್ಬು ಬೆಳಕು ಕೊಡುತ್ತದೆ, ಕಾವು ಕೊಡದು. ಕರೆಂಟು ಹೋದರೆ ಬಿಸಿನೀರಿನ ಬಾಟಲಿಗೆ ಬಟ್ಟೆ ಸುತ್ತಿ ಇಡಬಹುದು.

ನೆಲ: ನುಣುಪಾದ ಕಾಗದದ ಮೇಲೆ ಕಾಲು ಜಾರಿ ಸೊಟ್ಟಗಾಗುತ್ತವೆ. ಗೋಣಿತಟ್ಟು ಹಾಸಿ.

ನೀರು: ಆಳವಿಲ್ಲದ ತಟ್ಟೆಯಲ್ಲಿ ಸಣ್ಣ ಕಲ್ಲುಗಳನ್ನು ತುಂಬಿ ನೀರಿಡಿ. ಇಲ್ಲದಿದ್ದರೆ ಮರಿಗಳು ಮುಳುಗಿ ಸಾಯುತ್ತವೆ.

ಮೇವು: ಶೇ. 24ರಿಂದ 27ರಷ್ಟು ಪ್ರೋಟೀನ್ ಇರುವ ಸ್ಟಾರ್ಟರ್ ಮೇವನ್ನು ರವೆಯಷ್ಟು ಸಣ್ಣಗೆ ಪುಡಿಮಾಡಿ ಕೊಡಿ.

ಹೆದರಿಕೆ ತಪ್ಪಿಸಲು

ಮರಿಗಳ ದನಿಯೇ ಒಳ್ಳೆಯ ಸೂಚನೆ. ಮೆಲ್ಲಗೆ ಗುಯ್ಗುಟ್ಟುತ್ತ ಹರಡಿಕೊಂಡು ಮೇಯುತ್ತಿದ್ದರೆ ನೆಮ್ಮದಿ. ಚೀರುತ್ತ ಬಲ್ಬಿನಡಿ ಒಂದರ ಮೇಲೊಂದು ಮುತ್ತಿದರೆ ಚಳಿ. ಮೂಲೆಗೆ ಸರಿದು ಬಾಯಿ ತೆರೆದರೆ ಸೆಕೆ. ಪೆಟ್ಟಿಗೆಯ ಮೂರು ಬದಿಗೆ ಬಟ್ಟೆ ಕಟ್ಟಿ, ಬೆಕ್ಕು ನಾಯಿ ಕಾಣದಂತೆ ಮಾಡಿ. ಮೇಲಿನಿಂದ ಕೈ ಇಳಿಸಿದರೆ ಹದ್ದು ಬಂದಂತೆ ಬೆದರುತ್ತವೆ. ಬದಿಯಿಂದ, ನಿಧಾನವಾಗಿ, ದಿನವೂ ಒಂದೇ ಹೊತ್ತಿಗೆ ಮೇವು ಕೊಡಿ. ಬೆದರಿದ ಗೌಜಗ ನೆಟ್ಟಗೆ ಮೇಲಕ್ಕೆ ಹಾರಿ ತಲೆ ಒಡೆದುಕೊಳ್ಳುತ್ತದೆ. ಆದ್ದರಿಂದ ಮೇಲೆ ತಂತಿಯ ಬದಲು ಮೆತ್ತನೆಯ ಬಲೆ ಕಟ್ಟಬೇಕು.

ಹೀಗೆ ನೋಡಿಕೊಂಡರೆ 6-7 ವಾರಕ್ಕೆ ಮೊಟ್ಟೆ ಆರಂಭವಾಗುತ್ತದೆ. ಮರಿ ಕೊಂಡ ಬಿಲ್ಲನ್ನು ಜೋಪಾನವಾಗಿಡಿ. ಹೆಸರೊಂದೇ ಆದ ಎರಡು ಹಕ್ಕಿಗಳ ನಡುವೆ ಯಾರಿಗಾದರೂ ಅನುಮಾನ ಬಂದರೆ ಅದು ನೆರವಿಗೆ ಬರುತ್ತದೆ.