ನಕ್ಷೆ ಹಿಡಿದು ಹೊಲಕ್ಕೆ ಹೊರಟ ಮಕ್ಕಳು

1931ರ ಆಸುಪಾಸಿನಲ್ಲಿ ಇಂಗ್ಲೆಂಡಿನ ಹಳ್ಳಿಗಾಡಿನಲ್ಲಿ ಶಾಲೆಯ ಮಕ್ಕಳು ಒಂದು ವಿಚಿತ್ರ ಕೆಲಸಕ್ಕೆ ಇಳಿದಿದ್ದರು. ದೊಡ್ಡ ನಕ್ಷೆಯ ಹಾಳೆ ಹಿಡಿದು ಬೇಲಿಯಿಂದ ಬೇಲಿಗೆ ನಡೆಯುವುದು, ಪ್ರತಿ ಹೊಲದ ಎದುರು ನಿಂತು ನೋಡುವುದು, ನಕ್ಷೆಯಲ್ಲಿ ಆ ಹೊಲದ ಜಾಗದಲ್ಲಿ ಪೆನ್ಸಿಲಿನಿಂದ ಒಂದು ಅಕ್ಷರ ಬರೆಯುವುದು. ಉಳುವ ಹೊಲಕ್ಕೆ ‘ಎ’, ಕಾಯಂ ಹುಲ್ಲುಗಾವಲಿಗೆ ‘ಎಂ’, ಕಾಡಿಗೆ ‘ಎಫ್’, ಕುರುಚಲು ಬಯಲಿಗೂ ಗುಡ್ಡದ ಒರಟು ಮೇವಿಗೂ ‘ಎಚ್’, ತೋಟಕ್ಕೆ ‘ಜಿ’, ಕೆರೆ ಕೊಳಕ್ಕೆ ‘ಪಿ’. ಕಟ್ಟಡ, ಗಣಿ, ಸ್ಮಶಾನ ಎಂದು ಬೇಸಾಯಕ್ಕೆ ಒದಗದ್ದೆಲ್ಲ ‘ಡಬ್ಲ್ಯು’. ಒಟ್ಟು ಏಳೇ ಅಕ್ಷರ.

ಕೆಲವೇ ವರ್ಷಗಳಲ್ಲಿ ಆ ಏಳು ಅಕ್ಷರಗಳಲ್ಲಿ ಇಂಗ್ಲೆಂಡ್, ವೇಲ್ಸ್, ಸ್ಕಾಟ್ಲೆಂಡುಗಳ ಬಹುತೇಕ ಪೂರ್ತಿ ನೆಲ ದಾಖಲಾಯಿತು. ಹನ್ನೊಂದನೇ ಶತಮಾನದಲ್ಲಿ ರಾಜ ವಿಲಿಯಂ ತೆರಿಗೆಗಾಗಿ ಮಾಡಿಸಿದ ‘ಡೂಮ್ಸ್‌ಡೇ’ ಲೆಕ್ಕದ ನಂತರ ಆ ದೇಶದ ನೆಲವನ್ನು ಅಷ್ಟು ಪೂರ್ತಿಯಾಗಿ ಯಾರೂ ದಾಖಲಿಸಿರಲಿಲ್ಲ ಎನ್ನುತ್ತಾರೆ. ರಾಜನ ಲೆಕ್ಕ ಬರೆದವರು ಅವನ ಅಧಿಕಾರಿಗಳು. ಈ ಲೆಕ್ಕ ಬರೆದವರು ಬಹುಪಾಲು ಶಾಲಾ ಮಕ್ಕಳು, ಅವರ ಮೇಷ್ಟ್ರುಗಳು, ಒಂದಷ್ಟು ಕಾಲೇಜು ವಿದ್ಯಾರ್ಥಿಗಳು. ಭಾಗವಹಿಸಿದ ಮಕ್ಕಳ ಸಂಖ್ಯೆ ಸುಮಾರು ಎರಡೂವರೆ ಲಕ್ಷ ಎಂಬ ಅಂದಾಜಿದೆ.

ಈ ಹಳೆಯ ಕತೆಯನ್ನು ಈಗ ತೆಗೆಯಲು ಕಾರಣವಿದೆ. 2021ರಲ್ಲಿ ಸಿಬಿಎಸ್‌ಇ ಎಂಟನೇ ತರಗತಿಯಿಂದ ಡೇಟಾ ಸೈನ್ಸನ್ನು ಕೌಶಲ ವಿಷಯವಾಗಿ ತಂದಿತು. ಪಠ್ಯ ರೂಪಿಸಲು ಮೈಕ್ರೋಸಾಫ್ಟ್ ಕೈಜೋಡಿಸಿತ್ತು. ನಮ್ಮಂಥವರ ಮನೆಗಳಲ್ಲಿ ಇದು ಕೂಡಲೇ ಅರ್ಥವಾಗುವ ಸಂಗತಿ: ಒಳ್ಳೆಯ ಕೆಲಸ, ಒಳ್ಳೆಯ ಸಂಬಳ. ಅದರಲ್ಲಿ ತಪ್ಪೇನಿಲ್ಲ, ನನ್ನ ಮನೆಯ ಅಡುಗೆ ನಡೆಯುವುದೂ ಅದರಿಂದಲೇ. ಆದರೆ ಮಕ್ಕಳಿಗೆ ದತ್ತಾಂಶದ ಕೆಲಸ ಕಲಿಸುವುದಕ್ಕೆ ಬೇರೊಂದು ಕಾರಣವೂ ಇದೆ ಎಂದು ತೊಂಬತ್ತು ವರ್ಷಗಳ ಹಿಂದೆ ಕೆಲವರು ನಂಬಿದ್ದರು. ಮಗು ಒಳ್ಳೆಯ ನಾಗರಿಕನಾಗಬೇಕಾದರೆ ತಾನಿರುವ ಊರನ್ನು ತಾನೇ ಅಳೆದು ನೋಡಿರಬೇಕು ಎಂಬುದು ಅವರ ನಂಬಿಕೆ.

ಆ ನಂಬಿಕೆಯ ಮೂಲ ಹುಡುಕಿದರೆ ಸಿಗುವವರು ಸ್ಕಾಟ್ಲೆಂಡಿನ ಪ್ಯಾಟ್ರಿಕ್ ಗೆಡಿಸ್. ಓದಿದ್ದು ಜೀವಶಾಸ್ತ್ರ, ಹಚ್ಚಿಕೊಂಡಿದ್ದು ನಗರಗಳನ್ನು. ಯಾವುದೇ ಊರನ್ನು ಸುಧಾರಿಸುವ ಮೊದಲು ಅದನ್ನು ಸಮೀಕ್ಷೆ ಮಾಡಬೇಕು, ಸಮೀಕ್ಷೆಯಲ್ಲಿ ಆ ಊರಿನವರೇ ಸೇರಬೇಕು ಎಂಬುದು ಅವರ ಹಟ. 1914ರಲ್ಲಿ ತಮ್ಮ ನಗರ ಪ್ರದರ್ಶನದೊಂದಿಗೆ ಭಾರತಕ್ಕೆ ಹೊರಟರು. ಪ್ರದರ್ಶನದ ಸಾಮಗ್ರಿ ಹೊತ್ತ ಹಡಗನ್ನು ಜರ್ಮನಿಯ ‘ಎಂಡನ್’ ಮುಳುಗಿಸಿತು. ಚೆನ್ನೈನಲ್ಲಿರುವ ಓದುಗರಿಗೆ ಎಂಡನ್ ಹೆಸರು ಗೊತ್ತೇ ಇದೆ, ಮದ್ರಾಸಿನ ಎಣ್ಣೆ ಟ್ಯಾಂಕುಗಳ ಮೇಲೆ ಗುಂಡು ಹಾರಿಸಿದ ಅದೇ ಯುದ್ಧನೌಕೆ. ಗೆಡಿಸ್ ಬಿಡಲಿಲ್ಲ, ಮತ್ತೆ ಸಾಮಗ್ರಿ ಕೂಡಿಸಿ 1915ರಲ್ಲಿ ಮದ್ರಾಸಿನಲ್ಲಿಯೇ ಪ್ರದರ್ಶನ ನಡೆಸಿದರು. 1919ರಲ್ಲಿ ಮುಂಬಯಿ ವಿಶ್ವವಿದ್ಯಾಲಯದಲ್ಲಿ ಒಂದು ವಿಭಾಗ ಶುರುಮಾಡಿದರು. ಅದರ ಹೆಸರಿನಲ್ಲಿ ಎರಡು ಮಾತುಗಳಿದ್ದವು: ಸಮಾಜಶಾಸ್ತ್ರ ಮತ್ತು ನಾಗರಿಕಶಾಸ್ತ್ರ. ಗೆಡಿಸ್ ನಂತರ ಆ ವಿಭಾಗ ಜಿ.ಎಸ್. ಘುರ್ಯೆಯವರ ಕೈಗೆ ಬಂತು. ಘುರ್ಯೆಯವರ ಬಳಿ ಓದಲು ಮೈಸೂರಿನಿಂದ ಮುಂಬಯಿಗೆ ಹೋದ ಒಬ್ಬ ಹುಡುಗನೇ ಮುಂದಿನ ಎಂ.ಎನ್. ಶ್ರೀನಿವಾಸ್. ಊರು ಬಿಟ್ಟು ಮುಂಬಯಿ ಸೇರಿ, ಅಲ್ಲಿಂದ ತಿರುಗಿ ಮೈಸೂರಿನ ಮದುವೆ, ಮನೆತನಗಳ ಬಗ್ಗೆ 1942ರಲ್ಲಿ ಪುಸ್ತಕ ತಂದವರು.

ಬ್ರಿಟನ್ನಿನಲ್ಲಿ ಗೆಡಿಸ್ ವಿಚಾರವನ್ನು ಬಿಡದೆ ಹಿಡಿದವರು ಭೂಗೋಳದ ಮೇಷ್ಟ್ರುಗಳು. ಮಕ್ಕಳನ್ನು ಹೊರಗೆ ಕರೆದೊಯ್ದು ತಮ್ಮ ಸೀಮೆಯನ್ನು ತಾವೇ ಸಮೀಕ್ಷೆ ಮಾಡಿಸುವ ಪ್ರಯೋಗಗಳು 1920ರ ದಶಕದಲ್ಲಿ ಅಲ್ಲಲ್ಲಿ ನಡೆದವು. ನಾರ್ಥಾಂಪ್ಟನ್‌ಶೈರ್ ಕೌಂಟಿಯಲ್ಲಿ ಅದು ಇಡೀ ಕೌಂಟಿಯ ಮಟ್ಟದಲ್ಲಿ ಕೈಗೂಡಿತು. ಇದನ್ನೇ ದೇಶದ ಅಳತೆಗೆ ಹಿಗ್ಗಿಸಿದವರು ಲಂಡನ್ ಸ್ಕೂಲ್ ಆಫ್ ಎಕನಾಮಿಕ್ಸ್‌ನ ಡಡ್ಲಿ ಸ್ಟ್ಯಾಂಪ್. ಅವರೂ ನಮ್ಮ ಕಡೆಯ ನೆಲ ತುಳಿದವರೇ: ಆಗ ಬ್ರಿಟಿಷ್ ಇಂಡಿಯಾದ ಭಾಗವಾಗಿದ್ದ ಬರ್ಮಾದಲ್ಲಿ ಮೊದಲು ತೈಲ ಕಂಪನಿಯ ಭೂವಿಜ್ಞಾನಿ, ಆಮೇಲೆ ರಂಗೂನ್ ವಿಶ್ವವಿದ್ಯಾಲಯದಲ್ಲಿ ಪ್ರಾಧ್ಯಾಪಕ. 1930ರಲ್ಲಿ ಭೂಬಳಕೆ ಸಮೀಕ್ಷೆ ಶುರುಮಾಡಿದಾಗ ಅವರಿಗೆ ಮೂವತ್ತೆರಡು ವರ್ಷ.

ಸ್ಟ್ಯಾಂಪ್ ಅವರ ಹತ್ತಿರ ದುಡ್ಡು ಇರಲಿಲ್ಲ. ಆರ್ಥಿಕ ಕುಸಿತದ ಕಾಲ. ಕೃಷಿ ನೆಲಕಚ್ಚಿ ಉತ್ತ ಹೊಲಗಳು ಹುಲ್ಲಿಗೆ ತಿರುಗುತ್ತಿದ್ದವು, ರಸ್ತೆಯ ಎರಡೂ ಬದಿಗೆ ಮನೆಗಳ ಸಾಲು ಬೆಳೆಯುತ್ತಾ ಹೋಗುತ್ತಿತ್ತು, ಆದರೆ ಯಾವ ನೆಲ ಎಲ್ಲಿ ಏನಾಗುತ್ತಿದೆ ಎಂಬ ನಕ್ಷೆ ಸರಕಾರದ ಬಳಿಯೂ ಇರಲಿಲ್ಲ. ಸ್ಟ್ಯಾಂಪ್ ಪ್ರತಿ ಕೌಂಟಿಯ ಶಿಕ್ಷಣ ಅಧಿಕಾರಿಗಳ ಬೆನ್ನು ಹತ್ತಿದರು. ಮೈಲಿಗೆ ಆರು ಇಂಚಿನ ಅಳತೆಯ ನಕ್ಷೆಯ ಹಾಳೆಗಳು ಶಾಲೆಗಳಿಗೆ ಹೋದವು. ಆ ಅಳತೆಯಲ್ಲಿ ಪ್ರತಿ ಹೊಲದ ಬೇಲಿಯೂ ಕಾಣುತ್ತದೆ, ಮಗುವಿಗೆ ತನ್ನ ಶಾಲೆಯ ಗೋಡೆಯನ್ನೂ ಗುರುತಿಸಬಹುದು. ಇಂಥ 15,000ಕ್ಕೂ ಹೆಚ್ಚು ಹಾಳೆಗಳು ತುಂಬಬೇಕಿತ್ತು. ಶಾಲೆಗಳಿಲ್ಲದ ಗುಡ್ಡಗಾಡಿಗೆ, ಯಾರೂ ಒಪ್ಪಿಕೊಳ್ಳದ ಹಾಳೆಗಳಿಗೆ ಕಾಲೇಜು ವಿದ್ಯಾರ್ಥಿಗಳು ಹೋದರು, ಸ್ಟ್ಯಾಂಪ್ ತಾವೇ ಕಾರು ಹತ್ತಿ ಹೊರಟರು. ಪ್ರಾಜೆಕ್ಟ್ ನಡೆಸಿ ಗೊತ್ತಿರುವವರಿಗೆ ಈ ಕೊನೆಯ ಹತ್ತು ಪರ್ಸೆಂಟ್ ಎಂಥದೆಂದು ಹೇಳಬೇಕಾಗಿಲ್ಲ.

ಏಳು ಅಕ್ಷರ ಬರೆಯುವುದು ಎಷ್ಟರ ಕೆಲಸ ಅನ್ನಿಸಬಹುದು. ಇಡೀ ಯೋಜನೆಯಲ್ಲಿ ನನಗೆ ತುಂಬ ಹಿಡಿಸಿದ್ದು ಒಂದೇ ಒಂದು ಗೋಜಲು: ‘ಎ’ ಮತ್ತು ‘ಎಂ’. ಕಾಯಂ ಹುಲ್ಲುಗಾವಲಾದರೆ ‘ಎಂ’. ಆದರೆ ಇಂಗ್ಲೆಂಡಿನ ರೈತ ಬೆಳೆ ಬದಲಿಸುವ ಸರದಿಯಲ್ಲಿ ಒಂದೆರಡು ವರ್ಷ ಹೊಲಕ್ಕೆ ಹುಲ್ಲು ಬಿತ್ತುತ್ತಾನೆ. ಅದು ಕಣ್ಣಿಗೆ ಹುಲ್ಲುಗಾವಲೇ, ಲೆಕ್ಕದಲ್ಲಿ ಉಳುವ ಹೊಲ, ಅಂದರೆ ‘ಎ’. ಬೇಲಿಯಾಚೆ ನಿಂತು ಎಷ್ಟು ನೋಡಿದರೂ ಹನ್ನೆರಡು ವರ್ಷದ ಹುಡುಗಿಗೆ ಇದು ತಿಳಿಯುವುದು ಕಷ್ಟ. ಖಚಿತವಾಗಿ ತಿಳಿಯಬೇಕೆಂದರೆ ಇರುವುದು ಒಂದೇ ದಾರಿ, ಹೊಲದ ಒಡೆಯನನ್ನು ಕೇಳುವುದು. ಅವನು ಗೊಣಗಬಹುದು, ನಿನಗ್ಯಾಕೆ ಎನ್ನಬಹುದು. ಯಾಕೆ ಎಂದು ಅವಳು ಹೇಳಬೇಕು.

ಕಾರ್ಪೊರೇಟ್ ಕೋಣೆಗಳಲ್ಲಿ ಒಂದು ಟಿಕೆಟ್ ‘ಮುಗಿದಿದೆ’ ಎಂದರೆ ಏನರ್ಥ ಎಂದು ಎರಡು ಗಂಟೆ ಜಗಳವಾಡಿದ ಯಾರಿಗಾದರೂ ಗೊತ್ತು, ದತ್ತಾಂಶದ ಕೆಲಸದ ತಿರುಳು ಗ್ರಾಫ್ ಬರೆಯುವುದರಲ್ಲಿಲ್ಲ, ಯಾವುದನ್ನು ಯಾವ ಹೆಸರಿನ ಕೆಳಗೆ ಎಣಿಸುತ್ತೇವೆ ಎಂಬುದರಲ್ಲಿದೆ. ಸಿದ್ಧಪಡಿಸಿದ ಕೋಷ್ಟಕ ಕೈಗೆ ಕೊಟ್ಟು ಸರಾಸರಿ ತೆಗೆ ಎಂದರೆ ಮಗುವಿಗೆ ಈ ಜಗಳ ಕಾಣಿಸುವುದೇ ಇಲ್ಲ. ಅಂಕಿ ಆಕಾಶದಿಂದ ಬಿದ್ದದ್ದು ಎಂದುಕೊಳ್ಳುತ್ತದೆ. ದೊಡ್ಡವರಾದ ಮೇಲೂ ಬಹಳ ಮಂದಿ ಹಾಗೇ ಅಂದುಕೊಂಡಿರುತ್ತಾರೆ.

ಅದೇ ಕಾಲದಲ್ಲಿ ವಿಯೆನ್ನಾದಲ್ಲಿ ಇನ್ನೊಂದು ಪ್ರಯೋಗ ನಡೆಯುತ್ತಿತ್ತು. ಓಟೋ ನಾಯ್‌ರಾಟ್ ಎಂಬ ತತ್ವಜ್ಞಾನಿ 1925ರಲ್ಲಿ ಸಮಾಜ ಮತ್ತು ಆರ್ಥಿಕತೆಯ ವಸ್ತುಸಂಗ್ರಹಾಲಯ ತೆರೆದು, ಕಾರ್ಮಿಕರಿಗೂ ಮಕ್ಕಳಿಗೂ ಅಂಕಿಅಂಶಗಳನ್ನು ಪುಟ್ಟ ಪುಟ್ಟ ಮನುಷ್ಯರ, ಮನೆಗಳ, ಮೂಟೆಗಳ ಚಿತ್ರಗಳಲ್ಲಿ ತೋರಿಸಿದರು. ಇಂದು ಪತ್ರಿಕೆಗಳಲ್ಲಿ ಕಾಣುವ ಇನ್ಫೋಗ್ರಾಫಿಕ್‌ಗಳ ಹಿರಿಯಜ್ಜ ಅದು. ಸೊಗಸಾದ ಕೆಲಸ. ಆದರೆ ಅಲ್ಲಿ ಯಾವ ಅಂಕಿ ಗೋಡೆಗೆ ಏರಬೇಕು ಎಂದು ನಿರ್ಧರಿಸುತ್ತಿದ್ದವರು ಮ್ಯೂಸಿಯಂನ ತಜ್ಞರು. 1930ರ ದಶಕದಲ್ಲಿ ಅದೇ ವಿಧಾನವನ್ನು ಸೋವಿಯತ್ ಸರಕಾರ ಮಾಸ್ಕೋಗೆ ಕರೆಸಿಕೊಂಡು ಪಂಚವಾರ್ಷಿಕ ಯೋಜನೆಯ ಪ್ರಚಾರಕ್ಕೆ ಬಳಸಿತು. ಸಾಲು ಸಾಲು ಟ್ರ್ಯಾಕ್ಟರುಗಳು, ಕಾರ್ಖಾನೆಗಳು. 1932-33ರಲ್ಲಿ ಉಕ್ರೇನಿನಲ್ಲಿ ಹಸಿವಿನಿಂದ ಸತ್ತವರಿಗೆ ಆ ಪ್ರಚಾರದಲ್ಲಿ ಜಾಗವಿರಲಿಲ್ಲ. ಚಿತ್ರ ಓದಲು ಕಲಿತವರಿಗೆ ಚಿತ್ರದಲ್ಲಿ ಇಲ್ಲದ್ದನ್ನು ಕೇಳುವುದು ಗೊತ್ತಿರಬೇಕೆಂದೇನಿಲ್ಲ.

ಹಾಗೆಂದು ಸ್ಟ್ಯಾಂಪ್ ಅವರ ಕತೆಯೇನೂ ಪೂರ್ತಿ ಶುಭಾಂತ್ಯದ್ದಲ್ಲ. 1933ರಿಂದ ಸಮೀಕ್ಷೆಯ ನಕ್ಷೆಗಳು ಮೈಲಿಗೆ ಒಂದು ಇಂಚಿನ ಅಳತೆಯಲ್ಲಿ ಅಚ್ಚಾಗತೊಡಗಿದವು. ಉಳುಮೆಗೆ ಕಂದು, ಹುಲ್ಲಿಗೆ ತಿಳಿಹಸಿರು, ಕಾಡಿಗೆ ಕಡುಹಸಿರು, ಕುರುಚಲು ಬಯಲಿಗೆ ಹಳದಿ, ತೋಟಕ್ಕೆ ನೇರಳೆ, ಊರಿಗೆ ಕೆಂಪು. ಯಾರು ಬೇಕಾದರೂ ದುಡ್ಡು ಕೊಟ್ಟು ಕೊಳ್ಳಬಹುದಿತ್ತು. ಅಲ್ಲಿಯವರೆಗೆ ಚೆನ್ನ. 1939ರಲ್ಲಿ ಯುದ್ಧ ಬಂತು. ಬ್ರಿಟನ್ ತನ್ನ ಆಹಾರದಲ್ಲಿ ಅರ್ಧಕ್ಕಿಂತ ಹೆಚ್ಚನ್ನು ಹಡಗಿನಲ್ಲಿ ತರಿಸಿಕೊಳ್ಳುತ್ತಿದ್ದ ದೇಶ. ಜರ್ಮನಿಯ ಸಬ್‌ಮರೀನುಗಳು ಹಡಗುಗಳನ್ನು ಮುಳುಗಿಸತೊಡಗಿದವು. ಹುಲ್ಲುಗಾವಲನ್ನು ಉತ್ತು ಗೋಧಿ, ಆಲೂಗಡ್ಡೆ ಬೆಳೆಯಬೇಕು. ಎಲ್ಲಿ ಎಷ್ಟು ಹುಲ್ಲುಗಾವಲಿದೆ? ತಿಳಿಹಸಿರು ಬಣ್ಣದಲ್ಲಿ ಉತ್ತರ ಸಿದ್ಧವಿತ್ತು. ಉಳುಮೆಯ ನೆಲ 1939ರಲ್ಲಿ ಸುಮಾರು 1.3 ಕೋಟಿ ಎಕರೆ ಇದ್ದದ್ದು 1944ರ ಹೊತ್ತಿಗೆ 1.9 ಕೋಟಿ ದಾಟಿತು. ಎಲ್ಲವೂ ನಕ್ಷೆಯಿಂದಾಯಿತು ಎನ್ನಲಾಗದು. ಎಕರೆಗೆ ಎರಡು ಪೌಂಡ್ ಸಹಾಯಧನವಿತ್ತು, ಟ್ರ್ಯಾಕ್ಟರಿತ್ತು, ಕೃಷಿ ಸಮಿತಿಗಳ ಕಟ್ಟಪ್ಪಣೆಯಿತ್ತು. ಆದರೆ 1931ರಲ್ಲಿ ಹನ್ನೆರಡರ ಪ್ರಾಯದಲ್ಲಿ ‘ಎಂ’ ಎಂದು ಬರೆದ ಮಗು ಯುದ್ಧ ಶುರುವಾದಾಗ ಇಪ್ಪತ್ತಕ್ಕೆ ಕಾಲಿಟ್ಟಿತ್ತು. ಪೆನ್ಸಿಲಿನ ಆ ಅಕ್ಷರ ಎಲ್ಲಿಗೆ ಹೋಗಿ ಮುಟ್ಟುತ್ತದೆ ಎಂದು ಬರೆಯುವಾಗ ಯಾರಿಗೂ ಗೊತ್ತಿರಲಿಲ್ಲ.

ಯುದ್ಧದ ನಡುವೆಯೇ, 1941ರಿಂದ 43ರವರೆಗೆ, ಸರಕಾರ ಇನ್ನೊಂದು ಸಮೀಕ್ಷೆ ನಡೆಸಿತು: ರಾಷ್ಟ್ರೀಯ ಕೃಷಿ ಸಮೀಕ್ಷೆ. ಇದಕ್ಕೆ ಮಕ್ಕಳನ್ನು ಕರೆಯಲಿಲ್ಲ. ಇದರಲ್ಲೂ ಅಕ್ಷರಗಳಿದ್ದವು, ಎ, ಬಿ, ಸಿ. ಆದರೆ ಈ ಅಕ್ಷರಗಳು ರೈತನಿಗೆ ಕೊಟ್ಟ ದರ್ಜೆಗಳು. ಎ ದರ್ಜೆಗಿಂತ ಕೆಳಗಿಳಿದವನ ಮುಂದೆ ಕಾರಣ ಬರೆಯುತ್ತಿದ್ದರು: ವಯಸ್ಸಾಗಿದೆ, ಬಂಡವಾಳವಿಲ್ಲ, ಅಥವಾ ವೈಯಕ್ತಿಕ ದೌರ್ಬಲ್ಯ. ಒಬ್ಬೊಬ್ಬ ರೈತನ ಆ ದಾಖಲೆಗಳು ಐವತ್ತು ವರ್ಷ ಮುಚ್ಚಿದ್ದವು. ಕೃಷಿ ಸಮಿತಿಗಳಿಗಂತೂ ಸರಿಯಾಗಿ ಬೇಸಾಯ ಮಾಡದವನ ಜಮೀನನ್ನು ಕಿತ್ತುಕೊಳ್ಳುವ ಅಧಿಕಾರವಿತ್ತು. ಹತ್ತು ವರ್ಷದ ಅಂತರದಲ್ಲಿ ಅದೇ ಹೊಲಗಳ ಮೇಲೆ ನಡೆದ ಎರಡು ಲೆಕ್ಕಗಳಿವು. ಒಂದರ ಫಲಿತಾಂಶ ಅಂಗಡಿಯಲ್ಲಿ ಮಾರಾಟಕ್ಕಿತ್ತು, ಎಣಿಸಿದವರೂ ಎಣಿಸಿಕೊಂಡವರೂ ಒಟ್ಟಿಗೆ ನೋಡಿ ಇದು ಸರಿಯಿಲ್ಲ ಎನ್ನಬಹುದಿತ್ತು. ಇನ್ನೊಂದು ಕಪಾಟಿನಲ್ಲಿತ್ತು.

ನಮ್ಮ ದೇಶದಲ್ಲಿ ಎಣಿಸುವ ಕೆಲಸ ಮೊದಲಿಂದಲೂ ಮೇಷ್ಟ್ರುಗಳ ಪಾಲಿನದು. ಜನಗಣತಿ, ಮತದಾರರ ಪಟ್ಟಿ, ಮೊನ್ನೆ 2025ರಲ್ಲಿ ಕರ್ನಾಟಕದ ಸಾಮಾಜಿಕ ಮತ್ತು ಶೈಕ್ಷಣಿಕ ಸಮೀಕ್ಷೆ. ಅದಕ್ಕಾಗಿ ಶಾಲೆಗಳ ದಸರಾ ರಜೆಯನ್ನೇ ಮುಂದುವರಿಸಬೇಕಾಯಿತು. ಮೇಷ್ಟ್ರು ಮನೆಮನೆ ಸುತ್ತುವಾಗ ಮಕ್ಕಳು ರಜೆಯಲ್ಲಿ. ಊರನ್ನು ಎಣಿಸುವುದು ಹೇಗೆ ಎಂಬ ಪಾಠ ಊರ ಬೀದಿಯಲ್ಲೇ ನಡೆಯುತ್ತಿರುತ್ತದೆ, ಅದನ್ನು ಕಲಿಯಬೇಕಾದವರು ಅಲ್ಲಿಲ್ಲ.

ಮಕ್ಕಳನ್ನು ಎಣಿಕೆಗೆ ಕರೆದ ಉದಾಹರಣೆಗಳು ಇಲ್ಲವೆಂದಲ್ಲ. ‘ಸೀಸನ್‌ವಾಚ್’ ಎಂಬ ಯೋಜನೆಯಿದೆ, ಅದರ ಹಿಂದಿರುವುದು ಮೈಸೂರಿನ ನೇಚರ್ ಕನ್ಸರ್ವೇಶನ್ ಫೌಂಡೇಶನ್. ಮಕ್ಕಳು ಒಂದು ಮರವನ್ನು ಆರಿಸಿಕೊಂಡು ವಾರವಾರವೂ ಅದರ ಚಿಗುರು, ಹೂ, ಕಾಯಿಯನ್ನು ದಾಖಲಿಸುತ್ತಾರೆ. ಹೆಚ್ಚಾಗಿ ಕೈಜೋಡಿಸಿದ್ದು ಕೇರಳದ ಶಾಲೆಗಳು. ವಿಷು ಹಬ್ಬಕ್ಕೆ ಬೇಕಾದ ಕಕ್ಕೆ ಹೂ ಹಬ್ಬಕ್ಕೆ ಎಷ್ಟು ಮೊದಲೇ ಅರಳುತ್ತಿದೆ ಎಂಬ ಪ್ರಶ್ನೆ ಅಲ್ಲಿ ಅಜ್ಜಿಯಂದಿರ ಮಾತಾಗಿ ಉಳಿಯದೆ ಮಕ್ಕಳ ಪುಸ್ತಕದ ದಾಖಲೆಯೂ ಆಗಿದೆ. ಆದರೆ ಮರ ಯಾರನ್ನೂ ಪ್ರಶ್ನಿಸುವುದಿಲ್ಲ, ಮರದ ಲೆಕ್ಕದಿಂದ ಯಾವ ಅಧಿಕಾರಿಗೂ ಮುಜುಗರವಾಗುವುದಿಲ್ಲ. ಮಕ್ಕಳ ಎಣಿಕೆಗೆ ಹೂವು ಹಕ್ಕಿಗಳನ್ನು ಬಿಟ್ಟುಕೊಟ್ಟಷ್ಟು ಸಲೀಸಾಗಿ ನಲ್ಲಿ ನೀರನ್ನು ಬಿಟ್ಟುಕೊಡುತ್ತೇವೆಯೇ ಎಂಬ ಅನುಮಾನ ನನಗಿದೆ.

ಅದಕ್ಕೆ ದೂರ ಹೋಗಬೇಕಾಗಿಲ್ಲ. ದೇಶದ ಪ್ರತಿ ಶಾಲೆಯೂ ವರ್ಷಕ್ಕೊಮ್ಮೆ ‘ಯು-ಡೈಸ್’ ಎಂಬ ಸರಕಾರಿ ವ್ಯವಸ್ಥೆಗೆ ತನ್ನ ಲೆಕ್ಕ ಒಪ್ಪಿಸುತ್ತದೆ: ಕೋಣೆಗಳೆಷ್ಟು, ಶಿಕ್ಷಕರೆಷ್ಟು, ಕುಡಿಯುವ ನೀರಿದೆಯೇ, ಗ್ರಂಥಾಲಯವಿದೆಯೇ. ಒಂದೊಂದು ಶಾಲೆಯ ವರದಿಯೂ ಅಂತರ್ಜಾಲದಲ್ಲಿ ಯಾರಿಗಾದರೂ ಸಿಗುತ್ತದೆ. ಡೇಟಾ ಸೈನ್ಸ್ ಕಲಿಯುವ ಎಂಟನೇ ತರಗತಿಗೆ ಮೊದಲ ಪಾಠವಾಗಿ ತಮ್ಮದೇ ಶಾಲೆಯ ಆ ಒಂದು ಹಾಳೆಯನ್ನು ಅಚ್ಚು ಹಾಕಿಸಿ ಕೊಟ್ಟು, ಕಾರಿಡಾರಿಗೆ ಕಳಿಸಬಹುದು. ಕೋಣೆ ಎಣಿಸುವುದು ಐದು ನಿಮಿಷದ ಕೆಲಸ. ಶೌಚಾಲಯದ ಸಾಲಿಗೆ ಬಂದಾಗ ತಡವಾಗುತ್ತದೆ. ಶೌಚಾಲಯ ಎಷ್ಟಿದೆ ಎಂಬುದು ಒಂದು ಲೆಕ್ಕ, ಅದರಲ್ಲಿ ಬಳಕೆಯ ಸ್ಥಿತಿಯಲ್ಲಿರುವುದು ಎಷ್ಟು ಎಂಬುದು ಇನ್ನೊಂದು. ಬಾಗಿಲಿದೆ, ಚಿಲಕವಿಲ್ಲ. ಬೆಳಗ್ಗೆ ನೀರಿರುತ್ತದೆ, ಮಧ್ಯಾಹ್ನದ ಮೇಲೆ ಇಲ್ಲ. ಎಲ್ಲ ಸರಿಯಿದೆ, ಬೀಗದ ಕೈ ಮಾತ್ರ ಸ್ಟಾಫ್ ರೂಮಿನಲ್ಲಿದೆ. ಇದಕ್ಕೆ ಯಾವ ಅಕ್ಷರ ಬರೆಯಬೇಕು ಎಂದು ಮಕ್ಕಳು ಮೊದಲು ತಮ್ಮತಮ್ಮಲ್ಲಿ ಜಗಳವಾಡಲಿ, ಆಮೇಲೆ ಹೆಡ್‌ಮಾಸ್ಟರ ಕೋಣೆಗೆ ಹೋಗಿ ಕೇಳಲಿ.